ಲಚ್ಚಿಗೆ ಹಾಕಿದ ಗಂಟು

ಮಿಲ್ಟ್ರಿ ಪೆದ್ದಣ್ಣನ ಎಮ್ಮೆ ವಾರಕ್ಕೆ ಎರಡು ಸಲವಾದರೂ ಗೂಟದಿಂದ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡ ಎಮ್ಮೆಗೆ ಊರಲ್ಲಿ ಬೇರೆ ದಾರಿಯೇ ಗೊತ್ತಿರಲಿಲ್ಲ. ನೇರವಾಗಿ ಪಕ್ಕದ ಮನೆಯ ಬಸವಕ್ಕನ ಹಿತ್ತಲಿಗೆ ಹೋಗಿ ಜೋಳದ ಸೊಪ್ಪೆಯ ಬಣವೆಗೆ ಬಾಯಿ ಹಾಕುತ್ತಿತ್ತು. ಬಸವಕ್ಕ ಗಂಡ ಸತ್ತ ಮೇಲೆ ಒಂದು ಜೊತೆ ಎತ್ತು ಇಟ್ಟುಕೊಂಡು ತಾನೇ ಬೇಸಾಯ ನಡೆಸುವ ಗಟ್ಟಿ ಹೆಂಗಸು. ಹೋದ ಬೇಸಿಗೆಯಲ್ಲಿ ಬಣವೆಗೆ ಎಲ್ಲಿಂದಲೋ ಕಿಡಿ ಬಿದ್ದು ಅರ್ಧ ಸುಟ್ಟುಹೋದ ಮೇಲಂತೂ ಉಳಿದ ಅರ್ಧದಲ್ಲಿ ಒಂದು ಕಡ್ಡಿ ಕದಲಿದರೂ ಆಕೆಗೆ ತಿಳಿಯುತ್ತಿತ್ತು, ಆಕೆಗೆ ತಿಳಿದದ್ದು ಇಡೀ ಓಣಿಗೆ ಕೇಳಿಸುತ್ತಿತ್ತು.

"ಹದಿನಾರು ವರ್ಷ ಮಿಲ್ಟ್ರ್ಯಾಗ ಜಾನುವಾರ ಕಟ್ಟಿ ಬಂದಾನಂತ. ಮನಿ ಮುಂದಿನ ಒಂದು ಎಮ್ಮಿ ಕಟ್ಟಾಕ ಬರಂಗಿಲ್ಲ," ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಆಂಧ್ರದ ಗಡಿಯ ಆ ಊರಿನಿಂದ ಹೊಳಗುಂದಕ್ಕೆ ಹೋಗುವ ಆಟೋದವರೂ ಒಂದು ಗಳಿಗೆ ನಿಲ್ಲಿಸಿ ಕೇಳಿ ಹೋಗುತ್ತಿದ್ದರು.

ಆಕೆ ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಪೆದ್ದಣ್ಣ ಎಮ್ಮೆಗೆ ಹಾಕುತ್ತಿದ್ದುದು ಜಾರುಗಂಟು. ತುದಿ ಹಿಡಿದು ಒಂದು ಸಲ ಜಗ್ಗಿದರೆ ಇಡೀ ಹಗ್ಗ ಕಳಚಿ ಬೀಳುವಂಥದು. ನಾಲ್ಕು ದಿನ ನೋಡಿದರೆ ಯಾವ ಎಮ್ಮೆಯಾದರೂ ಕಲಿಯುತ್ತದೆ, ಇದೂ ಕಲಿತಿತ್ತು. ಅವನ ಹೆಂಡತಿ ಮಂಗಳಾ ಹೇಳಿ ಹೇಳಿ ಸೋತು, ಅವನಿಲ್ಲದಾಗ ಊರವರೆಲ್ಲ ಹಾಕುವ ಎತ್ತಿನ ಗಂಟು ಬಿಗಿದುಬಿಡುತ್ತಿದ್ದಳು. ಅವನು ಬಂದು ನೋಡಿದವನೇ ಮಾತಿಲ್ಲದೆ ಬಿಚ್ಚಿ ಮತ್ತೆ ತನ್ನ ಗಂಟು ಹಾಕುತ್ತಿದ್ದ. ಬೈದರೆ ಬೈಸಿಕೊಳ್ಳುತ್ತಿದ್ದ. ಬಸವಕ್ಕನ ಹಿತ್ತಲಿಗೆ ಹೋಗಿ ತಲೆ ತಗ್ಗಿಸಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ. ಊರಿಗೆ ಇದೊಂದು ತಮಾಷೆಯಾಗಿತ್ತು.

ಇಂಥ ಪೆದ್ದಣ್ಣನಿಗೇ ಊರಿನಲ್ಲಿ ದೊಡ್ಡ ಮರ್ಯಾದೆಯೂ ಇತ್ತು. ಅದು ಎಮ್ಮೆಯಿಂದ ಬಂದದ್ದಲ್ಲ, ಹೇಸರಗತ್ತೆಯಿಂದ ಬಂದದ್ದು.

ಇಪ್ಪತ್ತು ವರ್ಷದ ಹುಡುಗನಿದ್ದಾಗ ಅವನು ಸೈನ್ಯ ಸೇರಿದ. ಬಂದೂಕು ಹಿಡಿದು ನಿಂತ ಫೋಟೋ ಬರುತ್ತದೆಂದು ಮನೆಯವರು ಕಾದರೆ, ಬಂದ ಫೋಟೋದಲ್ಲಿ ಅವನ ಪಕ್ಕ ಉದ್ದ ಕಿವಿಯ ಹೇಸರಗತ್ತೆಯೊಂದು ನಿಂತಿತ್ತು. ಲಾರಿ ಹೋಗದ ಬೆಟ್ಟಗಳಿಗೆ ಮದ್ದು, ಗುಂಡು, ಹಿಟ್ಟು, ಸೀಮೆಎಣ್ಣೆ ಹೊರುವ ಪ್ರಾಣಿಗಳ ದಳಕ್ಕೆ ಅವನನ್ನು ಹಾಕಿದ್ದರು. ಊರು ಬಿಟ್ಟೀತೇ? "ಕತ್ತಿ ಕಾಯಾಕ ಕಾಶ್ಮೀರಕ್ಕ ಯಾಕ ಹೋಗಬೇಕಿತ್ತು, ನಮ್ಮ ಅಗಸರ ಓಣ್ಯಾಗ ಇದ್ದಿಲ್ಲೇನು," ಎಂದು ನಕ್ಕಿತು. ರಜೆಗೆ ಬಂದಾಗಲೆಲ್ಲ ಅವನು ಕತ್ತೆ ಪೆದ್ದಣ್ಣನೇ ಆಗಿದ್ದ. ಅವನ ಅಪ್ಪ ಭೀಮಣ್ಣ ಆ ದಿನಗಳಲ್ಲಿ ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟಿದ್ದ.

ಅವನ ಹೇಸರಗತ್ತೆಗೆ ಸೈನ್ಯದ ಲೆಕ್ಕದಲ್ಲಿ ಹೆಸರಿರಲಿಲ್ಲ, ಗೊರಸಿನ ಮೇಲೆ ಸುಟ್ಟು ಬರೆದ ನಂಬರಷ್ಟೇ ಇತ್ತು. ಪೆದ್ದಣ್ಣ ಅದಕ್ಕೆ ಲಚ್ಚಿ ಎಂದು ಹೆಸರಿಟ್ಟ. ಲಚ್ಚಿ ಬಲು ಜಾಣೆ. ಮಂಜಿನ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂದು ಅವಳಿಗೆ ಗೊತ್ತಿದ್ದಷ್ಟು ಪೆದ್ದಣ್ಣನಿಗೆ ಗೊತ್ತಿರಲಿಲ್ಲ. ಎಷ್ಟೋ ಇಳಿಜಾರುಗಳಲ್ಲಿ ಅವನು ಅವಳ ಬಾಲ ಹಿಡಿದು ಬದುಕಿಕೊಂಡಿದ್ದ.

ಹಾಗಿದ್ದ ಲಚ್ಚಿ ಕಾರ್ಗಿಲ್ ಯುದ್ಧದಲ್ಲಿ ಸತ್ತಳು. ಕಾಲಿಗೆ ಶೆಲ್ಲಿನ ಚೂರು ಬಡಿದು ಆಸ್ಪತ್ರೆ ಕಂಡ ಪೆದ್ದಣ್ಣ ಊರುಗೋಲಿನ ಮೇಲೆ ಊರಿಗೆ ಬಂದ. ಮನೆ ತುಂಬ ಜನ. ಆ ದಿನ ಏಳು ಹೇಸರಗತ್ತೆಗಳಿದ್ದವು, ಶೆಲ್ ಬೀಳತೊಡಗಿದಾಗ ಆರು ಓಡಿ ಉಳಿದವು ಎಂದು ಅವನು ಹೇಳುತ್ತಿದ್ದಂತೆ ಅಪ್ಪ ಕೇಳಿದ:

"ಉಳಿದವೆಲ್ಲ ಓಡಿದ್ವು ಅಂತಿ. ನಿಂದ್ಯಾಕ ಓಡಲಿಲ್ಲ?"

ಪೆದ್ದಣ್ಣ ಅಪ್ಪನ ಮುಖ ನೋಡಿದ. ಆಮೇಲೆ ಅಪ್ಪನ ಕೈ ನೋಡಿದ. "ಆಕಿ ನನ್ನ ಬಿಟ್ಟು ಓಡಲಿಲ್ಲ," ಎಂದ.

ಅಷ್ಟೇ ಅವನು ಹೇಳಿದ್ದು. ಭೀಮಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಎದ್ದವನು ನೇರ ಕಟ್ಟೆಗೆ ಹೋದ. ಒಡೆಯನನ್ನು ಬಿಟ್ಟು ಓಡದೆ ಸತ್ತ ಪ್ರಾಣಿಯ ಕತೆ ಸಂಜೆಯೊಳಗೆ ಊರನ್ನು ಸುತ್ತಿತು, ವಾರದೊಳಗೆ ಸುತ್ತಲ ಹಳ್ಳಿಗಳನ್ನು ಮುಟ್ಟಿತು. ಅಂದಿನಿಂದ ಕತ್ತೆ ಪೆದ್ದಣ್ಣ ಮಿಲ್ಟ್ರಿ ಪೆದ್ದಣ್ಣನಾದ. ಪ್ರತಿ ವರ್ಷ ಶಾಲೆಯಲ್ಲಿ ಬಾವುಟ ಹಾರಿಸುವ ದಿನ ಅವನನ್ನು ಕರೆದು ಲಚ್ಚಿಯ ಕತೆ ಹೇಳಿಸುತ್ತಿದ್ದರು. ಮಕ್ಕಳು ಅಳುತ್ತಿದ್ದರು. ಅವನಿಗೂ ಅಳು ಬರುತ್ತಿತ್ತು. ಮಕ್ಕಳ ಅಳುವಿಗೆ ಕಾರಣ ಒಂದು, ಅವನ ಅಳುವಿಗೆ ಇನ್ನೊಂದು.

ನಿಜ ನಡೆದದ್ದು ಹೀಗೆ. ಸೈನ್ಯದಲ್ಲಿ ಪ್ರಾಣಿಗಳಿಗೆ ಜಾರುಗಂಟನ್ನೇ ಹಾಕಬೇಕು. ಮೊದಲ ದಿನವೇ ಹವಾಲ್ದಾರ ಕೂರಿಸಿಕೊಂಡು ಕಲಿಸಿದ್ದ: ಒಂದು ಜಗ್ಗು, ಪ್ರಾಣಿ ಬಿಡುಗಡೆ. ಆದರೆ ಲಚ್ಚಿ ಆ ಗಂಟನ್ನು ಕಲಿತುಬಿಟ್ಟಳು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿ, ಮೇವಿನ ಚೀಲಕ್ಕೆ ಹೋಗಿ ನಿಲ್ಲುತ್ತಿದ್ದಳು. ಎರಡು ಸಲ ಹವಾಲ್ದಾರ ಎಲ್ಲರ ಮುಂದೆ ಪೆದ್ದಣ್ಣನಿಗೆ ಬೈದ. ಮೂರನೆಯ ಸಲ ಬೈಸಿಕೊಳ್ಳಬಾರದೆಂದು ಪೆದ್ದಣ್ಣ ಆ ಮಧ್ಯಾಹ್ನ ಅವಳನ್ನು ಬಂಡೆಯ ಮಗ್ಗುಲ ಕಬ್ಬಿಣದ ಗೂಟಕ್ಕೆ ಎತ್ತಿನ ಗಂಟು ಹಾಕಿ ಕಟ್ಟಿದ. ಅಪ್ಪ ಎಂಟನೆಯ ವಯಸ್ಸಿನಲ್ಲಿ ಕೈಹಿಡಿದು ಕಲಿಸಿದ ಗಂಟು ಅದು. "ಗಂಟು ಅಂದ್ರ ಎತ್ತು ಜಗ್ಗಿದಷ್ಟೂ ಬಿಗಿಬೇಕು" ಎಂದು ಅಪ್ಪ ಹೇಳುತ್ತಿದ್ದ. ಅವನ ಮಾತು ಸುಳ್ಳಾಗಲಿಲ್ಲ.

ಶೆಲ್ ಬಿದ್ದಾಗ ಉಳಿದ ಆರು ಜನ ಆರು ತುದಿ ಜಗ್ಗಿದರು, ಆರು ಪ್ರಾಣಿಗಳು ಕೆಳಗಿನ ಹಳ್ಳಕ್ಕೆ ಓಡಿದವು. ಪೆದ್ದಣ್ಣನ ಕೈಯಲ್ಲಿ ಗಂಟು ಅಲುಗಲಿಲ್ಲ. ಸಣ್ಣ ಮಳೆಗೆ ಹಗ್ಗ ನೆಂದಿತ್ತು. ಲಚ್ಚಿ ಹಿಂದಕ್ಕೆ ಜಗ್ಗಿದಂತೆಲ್ಲ ಅದು ಇನ್ನಷ್ಟು ಬಿಗಿಯಿತು. ತನ್ನ ಚಾಕುವನ್ನು ತಗಡಿನ ಡಬ್ಬಿ ಕೊಯ್ಯಲೆಂದು ಯಾರಿಗೋ ಕೊಟ್ಟದ್ದು ವಾಪಸ್ ಬಂದಿರಲಿಲ್ಲ. ಹಲ್ಲಿನಿಂದ ಕಚ್ಚಿದ. ಉಗುರು ಕಿತ್ತುಬಂತು. ಎರಡನೆಯ ಶೆಲ್ಲಿಗೆ ಮೊಳಕಾಲಿನ ಕೆಳಗೆ ಬೆಂಕಿ ಹೊಕ್ಕಂತಾಯಿತು. ಆಗ ಅವನು ಹಗ್ಗ ಬಿಟ್ಟ. ಕುಂಟುತ್ತ ಇಪ್ಪತ್ತು ಹೆಜ್ಜೆ ಓಡಿ ಹಿಂದಿರುಗಿ ನೋಡಿದರೆ ಲಚ್ಚಿ ಜಗ್ಗುವುದನ್ನು ನಿಲ್ಲಿಸಿ ಅವನ ಕಡೆಗೇ ನೋಡುತ್ತ ನಿಂತಿದ್ದಳು. ಅವನು ಬಿಚ್ಚಲು ಬರುತ್ತಾನೆಂದು ತಿಳಿದಿದ್ದಳೋ ಏನೋ. ಮೂರನೆಯದು ಅಲ್ಲೇ ಬಿತ್ತು.

ಶತ್ರುವಿನ ಶೆಲ್ಲಿಗೆ ಬಲಿ ಎಂದು ಕಾಗದದಲ್ಲಿ ಬರೆದರು. ಗಂಟಿನ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದವನು ಅಪ್ಪ ಒಬ್ಬನೇ. ನೀನು ಕಲಿಸಿದ ಗಂಟೇ ಅವಳನ್ನು ಕೊಂದಿತು ಎಂದು ಯಾವ ಮಗ ಅಪ್ಪನಿಗೆ ಹೇಳುತ್ತಾನೆ? ಅಪ್ಪ ಸತ್ತ ಮೇಲಾದರೂ ಹೇಳಬಹುದೆಂದು ಪೆದ್ದಣ್ಣ ಅಂದುಕೊಂಡಿದ್ದ. ಭೀಮಣ್ಣ ಆರು ವರ್ಷ ತಲೆಯೆತ್ತಿ ಬದುಕಿ, ಲಚ್ಚಿಯ ಹೆಸರು ಹೇಳುತ್ತಲೇ ತೀರಿಕೊಂಡ. ಅಷ್ಟರಲ್ಲಿ ಕತೆ ಊರಿನದಾಗಿತ್ತು. ಹಾಗಾಗಿ ಪೆದ್ದಣ್ಣ ಮಾಡಿದ್ದು ಒಂದೇ: ಆಮೇಲೆ ಯಾವ ಪ್ರಾಣಿಗೂ ಎತ್ತಿನ ಗಂಟು ಹಾಕಲಿಲ್ಲ.

ಹೀಗೆ ಇಪ್ಪತ್ತೈದು ವರ್ಷ ಸರಿದ ಮೇಲೆ ಶಾಲೆಯ ಮೇಷ್ಟ್ರು ಜಗದೀಶ ಒಂದು ಸಂಜೆ ಬೈಕು ನಿಲ್ಲಿಸಿ ನಗುನಗುತ್ತ ಬಂದ. ಅದೇ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನಲ್ಲಿ ಕೂತು ಲಚ್ಚಿಯ ಕತೆ ಕೇಳಿ ಅತ್ತಿದ್ದ ಹುಡುಗ ಅವನು.

"ಕಾಕಾ, ಲಚ್ಚಿಗೆ ವೀರಗಲ್ಲು ನಿಲ್ಲಸ್ತೀವಿ. ಊರ ಹೊರಗ ಹಳೇದೊಂದು ಐತೆಲ್ಲ, ದನ ಬಿಡಿಸಾಕ ಹೋಗಿ ಸತ್ತಾಂವಂದು? ಅದರ ಮಗ್ಗಲಕ್ಕ. ಮಣ್ಣೆತ್ತಿನ ಅಮಾಸಿ ದಿನ. ನಮ್ಮ ತಹಶೀಲ್ದಾರು, ಎಂ.ಆರ್.ಓ. ಸಾರುನೂ ವಸ್ತಾನು, ಬರ್ತೀನಿ ಅಂದ್ರು."

ಪೆದ್ದಣ್ಣ ಕಟ್ಟೆಯಿಂದ ಎದ್ದು ನಿಂತ. "ಬ್ಯಾಡಪ್ಪ ಜಗದೀಶ," ಎಂದ.

"ನೀವು ಬ್ಯಾಡ ಅಂತೀರಿ ಅಂತ ನನಗ ಗೊತ್ತಿತ್ತು. ಅದಕ್ಕ ಕಲ್ಲು ತರಿಸಿದ ಮ್ಯಾಲೇ ಹೇಳಾಕ ಬಂದೀನಿ."

"ಹಂಗಲ್ಲ. ನಾನು ಹೇಳಿದಂಗ ನಡೆದಿಲ್ಲ ಅದು. ಆಕಿ..."

"ಕಾಕಾ, ಯುದ್ಧದಾಗ ಎಲ್ಲಾ ಹೇಳಿದಂಗ ನಡೀತೈತೇನು? ನಿಮ್ಮ ಕತಿ ಕೇಳೇ ನಾನು ಮೇಷ್ಟ್ರಾಗಿದ್ದು. ಈ ಊರ ಮಕ್ಕಳಿಗೆ ತೋರಸಾಕ ಇದೊಂದಾದ್ರೂ ಇರಲಿ." ಹೀಗೆಂದು ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿ ಹೊರಟುಹೋದ. ಕಾಲು ಹಿಡಿದವನ ಮುಂದೆ ತಪ್ಪೊಪ್ಪಿಕೊಳ್ಳುವುದು ಕಷ್ಟ.

ಊರಿಗೆ ಹುರುಪು ಬಂತು. ಹಳೆಯ ವೀರಗಲ್ಲಿನಲ್ಲಿ ಸತ್ತವನನ್ನು ಅಪ್ಸರೆಯರು ಸ್ವರ್ಗಕ್ಕೆ ಎತ್ತಿಕೊಂಡು ಹೋಗುತ್ತಾರೆ, ಲಚ್ಚಿಯನ್ನು ಯಾರು ಎತ್ತುತ್ತಾರೆ ಎಂದು ಹೆಂಗಸರು ನೀರಿನ ಟ್ಯಾಂಕಿನ ಬಳಿ ಬಿದ್ದು ಬಿದ್ದು ನಕ್ಕರು. ನಕ್ಕವರೇ ಹೂವಿನ ಹಾರ ತಾವು ಕಟ್ಟುತ್ತೇವೆಂದು ಒಪ್ಪಿಕೊಂಡರು. ಕಲ್ಲಿನ ಕೆಳಗೆ "ಒಡೆಯನ ಬಿಟ್ಟು ಓಡದ ಲಚ್ಚಿ" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬರೆಸುವುದೆಂದು ತೀರ್ಮಾನವಾಯಿತು. ಪೆದ್ದಣ್ಣ ಎಲ್ಲಿ ಹೋದರೂ ಕೈಮುಗಿಯುವವರು ಹೆಚ್ಚಾದರು. ಅವನು ಹೊಲದ ದಾರಿ ಬಿಟ್ಟು ಹಳ್ಳದ ದಾರಿಯಲ್ಲಿ ಓಡಾಡತೊಡಗಿದ. ಊಟ ಅರ್ಧಕ್ಕೆ ನಿಲ್ಲುತ್ತಿತ್ತು.

ಕೊನೆಗೊಂದು ದಿನ ರೊಟ್ಟಿ ಬಡಿಯುತ್ತಿದ್ದ ಮಂಗಳಾಳ ಮುಂದೆ ಕೂತು ಎಲ್ಲ ಹೇಳಿದ. ಇಪ್ಪತ್ತಮೂರು ವರ್ಷ ಬಾಳುವೆ ಮಾಡಿದ ಹೆಂಡತಿಗೆ ಅದೇ ಮೊದಲ ಸಲ. ಆಕೆ ರೊಟ್ಟಿ ಹೊತ್ತಿದ್ದನ್ನೂ ನೋಡದೆ ಕೇಳಿದಳು.

"ಅದಕ್ಕ ಏನು ಎಮ್ಮಿ ಹಂಗ ಕಟ್ಟೋದು," ಎಂದಳು. ಹೊತ್ತಿದ ರೊಟ್ಟಿಯನ್ನು ತೆಗೆದಿಟ್ಟು, "ಈಗ ಹೇಳಿದ್ರ ಯಾರಿಗೆ ಒಳ್ಳೇದಾಗತೈತ್ರಿ? ಲಚ್ಚಿ ಎದ್ದು ಬರಂಗಿಲ್ಲ. ಸತ್ತ ಮಾವನ ಮರ್ಯಾದಿ ಹೋಗತೈತಿ. ಸುಮ್ಮಕ ಹಾರ ಹಾಕಿ ಬಂದುಬಿಡ್ರಿ," ಎಂದಳು.

ಆಕೆ ಹೇಳಿದ್ದು ಸರಿಯೇ. ಆದರೆ ಬಾಯಿಮಾತು ಬೇರೆ, ಕಲ್ಲು ಬೇರೆ. ಮಾತು ತನ್ನೊಂದಿಗೆ ಸತ್ತೀತೆಂದು ಪೆದ್ದಣ್ಣ ಇಷ್ಟು ದಿನ ನಂಬಿಕೊಂಡಿದ್ದ. ಕಲ್ಲು ಸಾಯುವುದಿಲ್ಲ. ಅಷ್ಟು ಜಗ್ಗಿ ಜಗ್ಗಿ ಸತ್ತವಳನ್ನು ಓಡಲಿಲ್ಲವೆಂದು ನೂರಾರು ವರ್ಷ ಹೇಳಿಕೊಂಡು ನಿಲ್ಲುತ್ತದೆ.

ಮರುದಿನ ಆದೋನಿ ಬಸ್ಸು ಹತ್ತಿ, ರಸ್ತೆಬದಿಯಲ್ಲಿ ತಗಡಿನ ನೆರಳಿನಡಿ ನಾಗರಕಲ್ಲು, ದೇವರ ವಿಗ್ರಹ ಕೆತ್ತುವ ಕಲ್ಲುಕುಟಿಗ ಆಂಜಿನೇಯನ ಹತ್ತಿರ ಹೋದ. ಲಚ್ಚಿಯ ಕಲ್ಲು ಮುಕ್ಕಾಲು ಮುಗಿದಿತ್ತು. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ. ಕೆಳಗೆ ಬೆಟ್ಟದ ಮುಂದೆ ಬೆನ್ನ ಮೇಲೆ ಹೊರೆ ಹೊತ್ತು ಲಚ್ಚಿ ನಿಂತಿದ್ದಳು. ಉದ್ದ ಕಿವಿಗಳು ಎಷ್ಟು ಸರಿಯಾಗಿ ಬಂದಿದ್ದವೆಂದರೆ ಪೆದ್ದಣ್ಣ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಹಿಡಿದುಕೊಂಡ.

"ಬಾಗುಂದಾ ಅಣ್ಣಾ, ಚಲೋ ಬಂದೈತಾ? ಏನಾರ ಬಿಟ್ಟೀನೇನು ನೋಡು," ಎಂದ ಆಂಜಿನೇಯ.

"ಹಗ್ಗ ಬಿಟ್ಟೀಯಪ್ಪ."

"ಹಗ್ಗ ಬ್ಯಾಡ ಅಂದ್ರು ಮೇಷ್ಟ್ರು. ತಾನಾಗೇ ನಿಂತಿತ್ತು ಅಂತ."

"ಹಗ್ಗ ಇತ್ತು. ಗೂಟ ಇತ್ತು. ಗಂಟು ಇತ್ತು," ಎಂದ ಪೆದ್ದಣ್ಣ. ಅಲ್ಲೇ ಬಿದ್ದಿದ್ದ ಹಗ್ಗದ ತುಂಡನ್ನು ಸುತ್ತಿಗೆಯ ಹಿಡಿಗೆ ಸುತ್ತಿ, ಇಪ್ಪತ್ತೈದು ವರ್ಷ ಮುಟ್ಟದಿದ್ದ ಎತ್ತಿನ ಗಂಟನ್ನು ಹಾಕಿ ತೋರಿಸಿದ. ಬೆರಳುಗಳು ಮರೆತಿರಲಿಲ್ಲ. ಆಂಜಿನೇಯ ಗಂಟನ್ನು ತಿರುಗಿಸಿ ನೋಡಿದ. "ಸರೇ ಅಣ್ಣಾ, ಕಲ್ಲು ಇನ್ನೂ ಅಲ್ಲಿ ಉಳದೈತಿ, ಹೊಡೀಬಹುದು," ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಮನೆಮನೆಯಲ್ಲೂ ಕೆರೆಯ ಕರಿಮಣ್ಣಿನಿಂದ ಒಂದು ಜೊತೆ ಎತ್ತು, ಅವಕ್ಕೊಂದು ಮೇವಿನ ಗೋದಲಿ ಮಾಡಿ ಪೂಜೆ ಮಾಡುತ್ತಾರೆ. ಪೆದ್ದಣ್ಣ ಪ್ರತಿ ವರ್ಷ ಮೂರನೆಯದೊಂದನ್ನು, ಕೊಂಬಿಲ್ಲದ ಉದ್ದ ಕಿವಿಯದನ್ನು, ಮಾಡಿ ಜಗಲಿಯ ಮೂಲೆಯಲ್ಲಿ ಇಡುತ್ತಿದ್ದ. ಈ ಸಲವೂ ಮಾಡಿಟ್ಟು, ಹಳೆಯ ಕೋಟು ಹಾಕಿಕೊಂಡು, ಪದಕ ಚುಚ್ಚಿಕೊಂಡು ಹೊರಟ.

ಊರೆಲ್ಲ ನೆರೆದಿತ್ತು. ಎಂ.ಆರ್.ಓ. ಕಲ್ಲಿನ ಮೇಲಿನ ಬಟ್ಟೆ ಸರಿಸಿದ. ಚಪ್ಪಾಳೆ ಬಿತ್ತು. ನಿಂತಿದ್ದ ಲಚ್ಚಿಯ ಕೊರಳಿಂದ ಹಗ್ಗವೊಂದು ಬಿಗಿಯಾಗಿ ಗೂಟಕ್ಕೆ ಇಳಿದಿತ್ತು. ಗೂಟದ ಮೇಲೆ ಬೆರಳ ಗಾತ್ರದ ಗಂಟು ಎದ್ದು ಕಾಣುತ್ತಿತ್ತು. ಅದರ ಕೆಳಗೆ "ಒಡೆಯನ ಬಿಟ್ಟು ಓಡದ ಲಚ್ಚಿ" ಎಂಬ ಅಕ್ಷರಗಳು. ಜಗದೀಶ ಹಗ್ಗವನ್ನು ನೋಡಿ ಹುಬ್ಬು ಗಂಟಿಕ್ಕಿದ. ಆದರೂ ಸಾವರಿಸಿಕೊಂಡು ಪೆದ್ದಣ್ಣನ ಕೈಗೆ ಮೈಕು ಕೊಟ್ಟ.

ಪೆದ್ದಣ್ಣ ಮೈಕನ್ನು ಬಾಯಿಯ ಹತ್ತಿರ ತಂದ. ಮುಂದಿನ ಸಾಲಿನಲ್ಲಿ ಮಂಗಳಾ ಬೇಡವೆಂಬಂತೆ ನೋಡುತ್ತಿದ್ದಳು.

"ಕಲ್ಲಿನ ಮ್ಯಾಲೆ ಬರದದ್ದು ಸುಳ್ಳು ಐತ್ರಿ," ಎಂದ. "ಲಚ್ಚಿ ಓಡಾಕ ನೋಡಿದ್ಲು. ಭಾಳ ನೋಡಿದ್ಲು. ನಾನು ಎತ್ತಿನ ಗಂಟು ಹಾಕಿದ್ದೆ, ಬಿಚ್ಚಾಕ ಬರಲಿಲ್ಲ. ಬಿಟ್ಟು ಓಡಿದಾಂವ ನಾನು. ಆಕಿ ಅಲ್ಲ."

ಇನ್ನು ಮೇಲೆ ಏನಾದರಾಗಲಿ, ಕಲ್ಲು ಕಿತ್ತು ಹಾಕಲಿ, ಮುಖಕ್ಕೆ ಉಗಿಯಲಿ ಎಂದು ಪೆದ್ದಣ್ಣ ಕಣ್ಣು ಮುಚ್ಚಿ ನಿಂತ. ಅವನಿಗೆ ಬೇಕಾಗಿದ್ದದ್ದೂ ಅದೇ.

ಉಗಿಯುವವರು ಯಾರೂ ಬರಲಿಲ್ಲ. ಜಗದೀಶ ಬಂದು ಮೈಕು ತೆಗೆದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಕೇಳಿದ್ರ್ಯಾ ಎಲ್ಲಾರೂ? ಇಪ್ಪತ್ತೈದು ವರ್ಷ ಆದ್ರೂ ಆ ಪ್ರಾಣಿ ಸಾವನ್ನ ತಮ್ಮ ತಲಿ ಮ್ಯಾಲೆ ಹಾಕ್ಕೊಂಡಾರ. ಯೋಧರು ಅಂದ್ರ ಹಿಂಗಿರತಾರ," ಎಂದ. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಲಚ್ಚಿಗೆಂದು ಕಟ್ಟಿದ ಹಾರದಲ್ಲಿ ಒಂದನ್ನು ತಂದು ಪೆದ್ದಣ್ಣನ ಕೊರಳಿಗೆ ಹಾಕಿದರು. ಅಷ್ಟರಲ್ಲಿ ಮುದುಕಿಯೊಬ್ಬಳು ಕಲ್ಲಿನ ಗಂಟಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ಆಕೆಯ ಹಿಂದೆ ಸಾಲು ನಿಂತಿತು.

ಪೆದ್ದಣ್ಣ ಮನೆಗೆ ಬಂದವನು ಕೋಟನ್ನೂ ಬಿಚ್ಚದೆ ಗೋಡೆಗೆ ಒರಗಿ ಕೂತ. ಇಪ್ಪತ್ತೈದು ವರ್ಷ ಸುಳ್ಳು ಹೇಳಿ ಒಳಗೆ ಸಿಕ್ಕಿಕೊಂಡಿದ್ದವನಿಗೆ ನಿಜ ಹೇಳಿದರೆ ಬಾಗಿಲು ತೆರೆಯುತ್ತದೆಂಬ ಆಸೆಯೊಂದಿತ್ತು. ಈಗ ಅದೂ ಹೋಯಿತು. ಇನ್ನು ಹೇಳಲು ಉಳಿದದ್ದೇನೂ ಇರಲಿಲ್ಲ.

ಹೊತ್ತು ಇಳಿಯುತ್ತಿದ್ದಾಗ ಹೊರಗೆ ಬಸವಕ್ಕನ ದನಿ ಕೇಳಿತು. ಎಮ್ಮೆ ಮತ್ತೆ ಬಿಚ್ಚಿಕೊಂಡಿರಬೇಕೆಂದು ಅವನು ಎದ್ದು ಹೋದ. ಎಮ್ಮೆ ಗೂಟದಲ್ಲೇ ಇತ್ತು. ಬಸವಕ್ಕ ತನ್ನ ಎತ್ತೊಂದನ್ನು ಹಿಡಿದುಕೊಂಡು ನಿಂತಿದ್ದಳು. ಹಬ್ಬಕ್ಕೆಂದು ಮೈತೊಳೆದ ಎತ್ತಿನ ಹಣೆಯಲ್ಲಿ ಕುಂಕುಮವಿತ್ತು.

"ನಾನು ಚಪ್ಪಾಳಿ ಹೊಡೀಲಿಲ್ಲಪ್ಪ," ಎಂದಳು ಆಕೆ.

ಪೆದ್ದಣ್ಣ ಅಂಗಳಕ್ಕೆ ಇಳಿದ.

"ಹೋದ ಬ್ಯಾಸಿಗ್ಯಾಗ ಬಣವಿಗೆ ಬೆಂಕಿ ಹತ್ತಿದಾಗ ಎತ್ತು ಎರಡೂ ಮಗ್ಗಲಕ್ಕೇ ಕಟ್ಟಿದ್ವು. ಹೆದರಿ ಜಗ್ಗಿದ್ವು ನೋಡು, ಗಂಟು ಕಲ್ಲಾಗಿ ಕುಂತ್ವು. ಬಿಚ್ಚಾಕ ಹೋದೆ, ಬರಲಿಲ್ಲ. ಕುಡಗೋಲು ಅಲ್ಲೇ ಬಿದ್ದಿತ್ತು, ಕೊಯ್ದು ಬಿಟ್ಟೆ." ಆಕೆ ಎತ್ತಿನ ಗಂಗೆದೊಗಲನ್ನು ಕೆರೆಯುತ್ತ ಅತ್ತ ನೋಡಿದಳು. "ನನಗ ಕುಡಗೋಲು ಸಿಕ್ತು. ನಿನಗ ಸಿಗಲಿಲ್ಲ. ತಪ್ಪು ನಿಂದೇ, ನಾನೇನು ಅಲ್ಲ ಅನ್ನಂಗಿಲ್ಲ. ಆದ್ರ ಆ ಗಂಟು ನಂದೂ ಐತಿ."

ತಪ್ಪು ನಿನ್ನದೇ ಎಂಬ ಮಾತನ್ನು ಕೇಳಲು ಪೆದ್ದಣ್ಣ ಎಷ್ಟು ವರ್ಷ ಕಾದಿದ್ದನೋ.

"ಎಮ್ಮಿಗೆ ಹಾಕ್ತಿಯಲ್ಲ, ಆ ಗಂಟು ಹೆಂಗ ಹಾಕೋದು, ತೋರಿಸು," ಎಂದು ಆಕೆ ಎತ್ತಿನ ಕಣ್ಣಿಹಗ್ಗದ ತುದಿಯನ್ನು ಅವನ ಕೈಗಿಟ್ಟಳು.

ಅವನು ಮೊಣಕಾಲೂರಿ ಕೂತ. ಹಗ್ಗವನ್ನು ಪಕ್ಕದ ಖಾಲಿ ಗೂಟಕ್ಕೆ ಸುತ್ತಿ, ಮಡಿಕೆ ಮಾಡಿ, ಮಡಿಕೆಯನ್ನು ಮಡಿಕೆಯೊಳಗೆ ತೂರಿಸಿ ಬಿಗಿದ. ಬಸವಕ್ಕ ಬಿಚ್ಚಿಸಿ, ತಾನೇ ಹಾಕಿದಳು. ಎರಡು ಸಲ ತಪ್ಪಿತು, ಮೂರನೆಯ ಸಲ ಬಂತು. ಎತ್ತು ತಲೆಯೆತ್ತಿ ಜಗ್ಗಿತು, ಗಂಟು ನಿಂತಿತು. ಆಮೇಲೆ ಆಕೆ ತುದಿ ಹಿಡಿದು ಒಂದು ಸಲ ಎಳೆದಳು. ಹಗ್ಗ ಕಳಚಿ ಕಾಲ ಬಳಿ ಬಿತ್ತು. ಎತ್ತು ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಿತು.

"ಇಷ್ಟೇನಾ?" ಎಂದಳು ಬಸವಕ್ಕ.

"ಇಷ್ಟೇ ಅಕ್ಕ," ಎಂದ ಪೆದ್ದಣ್ಣ. ಇಷ್ಟೇ ಎನ್ನುವುದರೊಳಗೆ ಅವನಿಗೆ ಅಳು ಒತ್ತರಿಸಿ ಬಂತು. ಪದಕ ಚುಚ್ಚಿದ ಕೋಟಿನಲ್ಲೇ, ಸಗಣಿ ನೆಲದ ಮೇಲೆ ಕೂತು ಅವನು ದನಿ ತೆಗೆದು ಅತ್ತ.

ಬಸವಕ್ಕ ಸಮಾಧಾನ ಮಾಡಲಿಲ್ಲ. ಅವನ ಅಳು ಮುಗಿಯುವವರೆಗೆ ಎತ್ತಿನ ಕಡೆ ಮುಖ ಮಾಡಿ ನಿಂತಿದ್ದಳು. ಮುಗಿದ ಮೇಲೆ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು.

"ಎಮ್ಮಿ ಮತ್ತ ಬಣವಿಗೆ ಬಂದ್ರ ಬೈತೀನಿ ನೋಡು," ಎಂದಳು. "ಆದ್ರ ಅದರ ಗಂಟು ಬದಲಾಯಿಸಬ್ಯಾಡ."